ಕಳ್ಳಿಯ ಬುಡದ ಒದ್ದೆ ಮಣ್ಣು

ಬುಧವಾರ ಬೆಳಿಗ್ಗೆ ಡಿಶ್‌ವಾಷರ್‌ನ ತಳದ ಜಾಲರಿ ಬಿಚ್ಚಿ ಸಿಂಕಿನಲ್ಲಿಟ್ಟುಕೊಂಡು, ಅದರ ತೂತುಗಳಲ್ಲಿ ಸಿಕ್ಕಿಕೊಂಡ ಸಾಸಿವೆ ಕಾಳುಗಳನ್ನು ಹಳೆಯ ಟೂತ್‌ಬ್ರಷ್‌ನಿಂದ ಕೆದಕಿ ತೆಗೆಯುತ್ತಿದ್ದೆ. ಆ ಯಂತ್ರ ಮಾಡಿದವರು ಒಗ್ಗರಣೆ ಹಾಕುವ ಜನ ಅಲ್ಲ. ಫೋನ್ ಬಂತು. ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದೆ.

"ಆಂಟಿ, ಶನಿವಾರ ನೀವು ಕೊನೆಯವರಾಗ್ತೀರಾ?"

ಕೇಳಿದವಳು ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗಿ, ನಮ್ಮ ನಡಿಗೆ ಗುಂಪಿನ ಸಂಘಟಕಿ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಮೂರೂ ಊರುಗಳ ಕನ್ನಡದ ಹೆಂಗಸರು ಸೇರಿ ಮಾಡಿಕೊಂಡ ಗುಂಪು ಅದು. ಪಶ್ಚಿಮದಲ್ಲಿ, ಮೆಕ್ಸಿಕೋ ಗಡಿಯ ಹತ್ತಿರದ ಮರುಭೂಮಿಯಲ್ಲಿ, ಒಂದು ಆಳವಾದ ಕಣಿವೆಯಿದೆ. ಅದರ ಬಂಡೆಗೋಡೆಗಳ ಮೇಲೆ ಸಾವಿರಾರು ವರ್ಷ ಹಿಂದಿನವರು ಬರೆದ ಚಿತ್ರಗಳಿವೆ. ಅವನ್ನು ನೋಡಿ ಬರಬೇಕೆಂದು ಬೇಸಿಗೆಯಿಂದ ತಯಾರಿ ನಡೆದಿತ್ತು. ಗೈಡ್ ಇಲ್ಲದೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ಗೈಡ್ ಸಾಲಿನ ಮುಂದೆ ನಡೆದರೆ, ಗುಂಪಿನವರೇ ಒಬ್ಬರು ಜವಾಬ್ದಾರಿ ಹೊತ್ತು ಸಾಲಿನ ಕೊನೆಯಲ್ಲಿ ನಡೆಯಬೇಕು. ಆ ಕೆಲಸಕ್ಕೆ ಗೊತ್ತಾಗಿದ್ದಾಕೆ ಒಗೆಯುವ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡಿದ್ದಳು.

"ನಾನೇ ಯಾಕಮ್ಮ?"

"ನೀವು ಯಾರನ್ನೂ ಓವರ್‌ಟೇಕ್ ಮಾಡಲ್ಲ ಆಂಟಿ."

ನನಗೂ ನಗು ಬಂತು. ಅವಳು ಹೇಳಿದ್ದು ನಿಜ. ಪಾರ್ಕಿನ ಸಮತಟ್ಟು ದಾರಿಯಲ್ಲೂ ನಾನು ಹಿಂದೆಯೇ. ಆಗಲಿ ಎಂದೆ.

ಆಮೇಲೆ ಅವಳು ಮುಖ್ಯ ವಿಷಯ ಹೇಳುವಂತೆ ದನಿ ತಗ್ಗಿಸಿದಳು. "ಏಕಾದಶಿ ಭಾನುವಾರ ಅಲ್ವಾ? ನಿಮಗೋಸ್ಕರ ನೋಡ್ಕೊಂಡೇ ಶನಿವಾರ ಇಟ್ಟಿದ್ದೀನಿ."

ಅವಳು ನೋಡಿದ್ದು ಬೆಂಗಳೂರಿನಿಂದ ತಂದ ಕ್ಯಾಲೆಂಡರು. ನನ್ನ ಅಡುಗೆಮನೆಯಲ್ಲಿ ಎರಡು ತೂಗುತ್ತವೆ, ಊರಿನದೊಂದು, ಇಲ್ಲಿನ ದೇವಸ್ಥಾನದ್ದೊಂದು. ತಿಥಿ ಸೂರ್ಯೋದಯದ ಲೆಕ್ಕ. ಇಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿ ಸಂಜೆ. ಹಾಗಾಗಿ ಕೆಲವು ಸಲ ಒಂದೇ ಏಕಾದಶಿ ಅಲ್ಲಿ ಭಾನುವಾರ ಬಿದ್ದರೆ ಇಲ್ಲಿ ಶನಿವಾರವೇ ಬೀಳುತ್ತದೆ. ಈ ಸಲವೂ ಹಾಗೇ ಆಗಿತ್ತು. ಮನೆ, ಗೈಡ್ ಎಲ್ಲ ಬುಕ್ ಆಗಿದೆ, ಈಗ ಹೇಳಿ ಆ ಹುಡುಗಿಯ ಮನಸ್ಸು ಯಾಕೆ ನೋಯಿಸಲಿ ಎಂದು ಸುಮ್ಮನಾದೆ. ನನ್ನದು ಹೇಗೂ ಹಣ್ಣು, ನೀರು ತೆಗೆದುಕೊಳ್ಳುವ ಉಪವಾಸ. ಕೊನೆಯವಳು ನೀರು ಬಿಟ್ಟು ನಡೆಯುವಂತಿಲ್ಲ.

ನಮ್ಮವರಿಗೆ ಕೆಲಸ ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ. ವಾರವೆಲ್ಲ ಅಲ್ಲೇ ರೂಮು, ಶುಕ್ರವಾರ ರಾತ್ರಿ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನ ನಮ್ಮ ಮನೆಗೆ ಬರುತ್ತಾರೆ. ಈ ವಾರ ಬಂದರೆ ನಾನೇ ಇರುವುದಿಲ್ಲ ಎಂದಾಗ, "ಹೋಗಿ ಬಾ, ನಾನು ಇಲ್ಲೇ ಮಲಗಿರ್ತೀನಿ" ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ಸ್ವಲ್ಪ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹ್ಯೂಸ್ಟನ್ ಕಡೆ ಗುಡ್ಡ ಅಂದರೆ ಫ್ಲೈಓವರೇ. ಬೆನ್ನಿನ ಚೀಲಕ್ಕೆ ಸೋನಾಮಸೂರಿ ಅಕ್ಕಿಯ ಮೂಟೆ ತುಂಬಿ ಎರಡು ದಿನ ಮನೆಯ ಮೆಟ್ಟಿಲು ಹತ್ತಿಳಿದೆ. ಗೈಡ್ ಕಳಿಸಿದ್ದ ಕೊನೆಯವರ ನಿಯಮಗಳನ್ನು ಕೈಯಲ್ಲಿ ಬರೆದುಕೊಂಡೆ. ನಿನ್ನ ಹಿಂದೆ ಯಾರೂ ಉಳಿಯಬಾರದು. ನಿಂತಲ್ಲೆಲ್ಲ ತಲೆ ಎಣಿಸು, ನೀರಿನ ಬಾಟಲಿ ನೋಡು. ಯಾರಾದರೂ ಪೊದೆಯ ಮರೆಗೆ ಹೋದರೆ ಬೆನ್ನು ತಿರುಗಿಸಿ ಕಾಯಿ. ಮುಂದಿನವರ ಚೀಲ ಸದಾ ಕಾಣುತ್ತಿರಬೇಕು. ಸಂಶಯ ಬಂದರೆ ಮೂರು ಸಲ ಸೀಟಿ ಊದು, ಊದುವುದಕ್ಕೆ ನಾಚಬೇಡ. ಈ ಕೊನೆಯ ಮಾತಿನ ಕೆಳಗೆ ಆಕೆ ಗೆರೆ ಎಳೆದಿದ್ದಳು.

ಶುಕ್ರವಾರ ಸಂಜೆ ಗಡಿಯ ಹತ್ತಿರದ ಸಣ್ಣ ಊರೊಂದರ ಬಾಡಿಗೆ ಮನೆಯಲ್ಲಿ ಎಲ್ಲರೂ ಸೇರಿದೆವು. ಕಾಲು ಉಳುಕಿದವಳನ್ನು ಬಿಟ್ಟು ಏಳು ಜನ. ಡಲ್ಲಾಸ್‌ನಿಂದ ಬಂದವರು ಧಾರವಾಡದ ಡಾಕ್ಟರು. ಮಕ್ಕಳ ಡಾಕ್ಟರಾಗಿ ವರ್ಷಗಟ್ಟಲೆ ದುಡಿದು ಈಚೆಗೆ ನಿವೃತ್ತರಾದವರು, ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಔಷಧದ ಪೆಟ್ಟಿಗೆ ಅವರ ಸುಪರ್ದಿಯಲ್ಲಿತ್ತು. ಅವರು ಬರುತ್ತಾರೆಂಬ ಧೈರ್ಯದ ಮೇಲೆಯೇ ಇಬ್ಬರು ಮೂವರು ಹೊರಟಿದ್ದರು. ಊಟಕ್ಕೆ ಕರೆದಾಗ, "ಡ್ರೈವ್ ಮಾಡಿ ಸಾಕಾಗೇದ್ರಿ, ನೀವು ಉಣ್ರಿ" ಎಂದು ಒಳಗೆ ಹೋದರು. ದಶಮಿ ರಾತ್ರಿ ನಾನೂ ಉಣ್ಣುವುದಿಲ್ಲ. ಹಾಗಿದ್ದೂ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಗೈಡ್ ಸಿಕ್ಕಳು. ಅರವತ್ತು ದಾಟಿದ ಹೆಂಗಸು, ಬಿಳಿ ಜಡೆ, ನಮ್ಮೆಲ್ಲರಿಗಿಂತ ಗಟ್ಟಿ ಮೀನಖಂಡ. ಪ್ರತಿಯೊಬ್ಬರ ಬಾಟಲಿ ಎತ್ತಿ ನೋಡಿದಳು. ಬಂಡೆ ಹತ್ತುವಾಗ ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಮೂರು ಸದಾ ಕಲ್ಲಿಗೆ ಅಂಟಿರಬೇಕು ಎಂದು ಮಾಡಿ ತೋರಿಸಿದಳು. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬಾರದು, ಹಾವಿರುತ್ತದೆ. ಚಿತ್ರಗಳನ್ನು ಮುಟ್ಟಬಾರದು, ನಮ್ಮ ಬೆರಳಿನ ಜಿಡ್ಡೇ ಅವಕ್ಕೆ ವಿಷ. ನನ್ನ ಕೊರಳಿಗೆ ಕಿತ್ತಳೆ ಬಣ್ಣದ ಸೀಟಿ ಹಾಕಿದಳು. ತಾಳಿಯ ಜೊತೆ ಅದೂ ತೂಗಾಡತೊಡಗಿತು.

ಕಣಿವೆಗೆ ಇಳಿದ ಮೇಲೆ ಗಾಳಿ ನಿಂತುಹೋಯಿತು. ಎರಡೂ ಕಡೆ ಸುಣ್ಣಕಲ್ಲಿನ ಬಿಳಿ ಗೋಡೆ, ಕೆಳಗೆ ಒಣಗಿದ ಹೊಳೆಯ ಪಾತ್ರ, ಕಾಲಡಿ ಉರುಳುಗಲ್ಲು. ಅಂಚಿನುದ್ದಕ್ಕೂ ಪಾಪಾಸುಕಳ್ಳಿ, ಕತ್ತಾಳೆ. ಕಾರ್ತಿಕ ಮಾಸ ಎನ್ನುವ ಹಾಗಿರಲಿಲ್ಲ, ಹೆಂಚಿನ ಮುಂದೆ ನಿಂತ ಹಾಗೆ ಮುಖ ಸುಡುತ್ತಿತ್ತು. ಮುಂದಿನವರ ನಗು, ಮಾತು ಗೋಡೆಗೆ ಬಡಿದು ನನ್ನ ತನಕ ಬರುವಷ್ಟರಲ್ಲಿ ಬರೀ ಸದ್ದಾಗಿರುತ್ತಿತ್ತು. ಯಾರೋ ಏನೋ ತೋರಿಸಿ "ಅಯ್ಯೋ ನೋಡ್ರೇ" ಅನ್ನುತ್ತಾರೆ. ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಅದು ಹಾರಿಹೋಗಿರುತ್ತದೆ. ಕೊನೆಯಲ್ಲಿ ನಡೆಯುವವಳಿಗೆ ಸಿಗುವುದು ಎಲ್ಲರ ಬೆನ್ನು. ಮನೆಯಲ್ಲೂ ಊಟ ಬಡಿಸಿ ಕೊನೆಗೆ ಕೂತು ಅಭ್ಯಾಸ ಎಂದು ಸಮಾಧಾನ ಮಾಡಿಕೊಂಡೆ. ನೆರಳು ಸಿಕ್ಕಲ್ಲೆಲ್ಲ ರಾಯರನ್ನು ನೆನೆದು ಒಂದೊಂದು ಗುಟುಕು ಕುಡಿದೆ. ಅವರ ಕೃಪೆಯನ್ನೂ ಎಣಿಸಿದೆ. ಮೊಣಕಾಲು ನೋಯಲಿಲ್ಲ, ಅದು ಒಂದು. ಮೋಡದ ತುಣುಕೊಂದು ಸೂರ್ಯನ ಮೇಲೆ ಬಂತು, ಅದು ಎರಡು.

ಮೊದಲ ಗುಹೆ ಒಂದು ಗಂಟೆಯ ದಾರಿ. ಗುಹೆ ಅನ್ನುವುದಕ್ಕಿಂತ, ಬೆಟ್ಟವೇ ಮುಂದಕ್ಕೆ ಚಾಚಿದ ಸೂರು. ಒಳಗೋಡೆಯ ಮೇಲೆ ಆಳೆತ್ತರದ ಕೆಂಪು ಆಕೃತಿಗಳು ಕೈ ಅಗಲಿಸಿ ನಿಂತಿದ್ದವು, ಒಂದಕ್ಕೂ ಮುಖವಿಲ್ಲ. ಪಕ್ಕದಲ್ಲಿ ಕವಲು ಕೊಂಬಿನ ಜಿಂಕೆ, ಕೊಂಬಿನ ತುದಿಗೆಲ್ಲ ಕಪ್ಪು ಚುಕ್ಕಿ. ಕಲ್ಲಿನ ಬಣ್ಣವನ್ನು ಜಿಂಕೆಯ ಮೂಳೆಯ ಕೊಬ್ಬಿನಲ್ಲಿ ಕಲಸಿ ಬರೆದಿದ್ದಾರಂತೆ. ಏಳು ಜನರೂ ನಮಗರಿವಿಲ್ಲದೆ ಚಪ್ಪಲಿ ಬಿಡುವವರ ಹಾಗೆ ಶೂ ಕಡೆ ಬಗ್ಗಿದೆವು. ಗೈಡ್ "ಬೇಡ, ಮುಳ್ಳು" ಎಂದಳು. ದೂರದಿಂದಲೇ ಕೈ ಮುಗಿದೆವು. "ಆಂಟಿ, ಯಾವ ದೇವರು ಅಂತ ಗೊತ್ತಾ?" ಎಂದು ಸಂಘಟಕಿ ಚುಡಾಯಿಸಿದಳು. "ಗೊತ್ತಿಲ್ಲದಿದ್ರೆ ಏನಂತೆ, ಅವರಿಗೆ ಗೊತ್ತಿತ್ತಲ್ಲ" ಎಂದೆ.

ನನ್ನ ಕಣ್ಣಿಗೆ ಬಿದ್ದದ್ದು ನೆಲ. ಹಾಸುಬಂಡೆಯಲ್ಲಿ ಗುಂಡಗೆ, ಮೊಳ ಆಳದ ಕುಳಿಗಳು, ಒಳಮೈ ನುಣುಪು. ಒರಳು! ಕಾಡುಗಿಡದ ಕಾಯಿಗಳನ್ನು ಇದರಲ್ಲೇ ಕುಟ್ಟುತ್ತಿದ್ದರು ಎಂದಳು ಗೈಡ್. ಚಿತ್ರ ಬರೆದವರು ಯಾರೋ, ಇಲ್ಲಿ ಕೂತು ಕುಟ್ಟಿದವರು ಯಾರೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಇನ್ನೂ ದೊಡ್ಡ ಚಿತ್ರ, ಮನೆಯಷ್ಟು ಅಗಲದ್ದು, ಎರಡನೆಯ ಗುಹೆಯಲ್ಲಿದೆ, ಅಲ್ಲಿಗೆ ಹೋಗಲು ಬಂಡೆಗಳ ರಾಶಿ ಏರಬೇಕು ಎಂದಳು. ತಲೆ ಎಣಿಸಿದೆ, ಬಾಟಲಿಗಳನ್ನೂ ನೋಡಿದೆ. ಡಾಕ್ಟರ ಬಾಟಲಿಯನ್ನು ಮಾತ್ರ ನೋಡಲಿಲ್ಲ. ಡಾಕ್ಟರಿಗೆ ನೀರು ಕುಡಿ ಎಂದು ಹೇಳಲು ನಾನು ಯಾರು ಎಂಬ ಸಂಕೋಚ. ಆ ದಿನ ನಾನು ಮಾಡಿದ ದೊಡ್ಡ ತಪ್ಪು ಅದೇ.

ಗುಹೆಯಿಂದ ಸ್ವಲ್ಪ ದೂರ ಹೋದ ಮೇಲೆ ಒಂದು ಕಳ್ಳಿಯ ಬುಡದಲ್ಲಿ ಅಂಗೈಯಗಲ ಮಣ್ಣು ಒದ್ದೆಯಾಗಿರುವುದು ಕಂಡಿತು. ಯಾರದೋ ಚೀಲ ಸೋರುತ್ತಿದೆ ಅಂದುಕೊಂಡು ಕೂಗಿದೆ. ಎಲ್ಲರೂ ನಿಂತು ಚೀಲ ತಡವಿಕೊಂಡರು. ಯಾರದೂ ಸೋರಿರಲಿಲ್ಲ. "ಆಂಟಿಗೆ ಬಿಸಿಲು ತಾಗಿದೆ" ಎಂದು ಯಾರೋ ನಕ್ಕರು. ನಾನೂ ನಕ್ಕು ಮುಂದೆ ನಡೆದೆ. ಇನ್ನೊಂದು ತಿರುವಿನಲ್ಲಿ ಮತ್ತೊಂದು ಒದ್ದೆ, ಈ ಸಲ ದೊಡ್ಡದು. ಬೆರಳಿಟ್ಟು ನೋಡಿದೆ, ತಣ್ಣಗಿತ್ತು. ಆ ಬಿಸಿಲಿಗೆ ಐದು ನಿಮಿಷವೂ ಉಳಿಯದು. ಅಂದರೆ ಈಗಷ್ಟೇ ಸುರಿದದ್ದು, ನನ್ನ ಮುಂದೆಯೇ ಇದ್ದವರು ಸುರಿದದ್ದು. ನನ್ನ ಮುಂದೆ ಇದ್ದವರು ಡಾಕ್ಟರು.

ಬಂಡೆಗಳ ರಾಶಿ ಶುರುವಾಯಿತು. ಕಾರಿನಷ್ಟು ದೊಡ್ಡ ಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಮೊದಲು ಚೀಲ ಮೇಲೆ ದಾಟಿಸಿ, ಆಮೇಲೆ ಹೊಟ್ಟೆ ಕಲ್ಲಿಗೆ ಒತ್ತಿ ಹತ್ತಬೇಕು. ಐವರು ಹತ್ತಿ ಮರೆಯಾದರು. ಡಾಕ್ಟರು ಮೂರನೆಯ ಬಂಡೆಯಲ್ಲಿ ಕೈ ಚಾಚಿದರು, ಹಿಡಿತ ಸಿಗಲಿಲ್ಲ. ಮತ್ತೆ ಚಾಚಿದರು. ಮೀನಖಂಡ ಹಿಡಿದುಕೊಂಡು ಕುಸಿದು ಕೂತರು. ನಾನು ಬೆನ್ನು ಆನಿಸಿದೆ. ನಮಗೆಲ್ಲ ಬೆವರು ಧಾರೆಯಾಗಿ ಸುರಿಯುತ್ತಿದ್ದರೆ ಅವರ ಕುತ್ತಿಗೆ ಒಣಗಿ ಬಿಸಿಯಾಗಿತ್ತು.

"ಡಾಕ್ಟರೇ, ನೀರು ಕುಡಿದ್ರಾ?"

"ಕುಡದೇನ್ರಿ. ಬಾಟ್ಲಿ ಖಾಲಿ ಆಗೇದ ನೋಡ್ರಿ."

"ಬಾಟಲಿ ಖಾಲಿಯಾಗಿದೆ. ನೀವು ಕುಡಿದ್ರಾ ಅಂತ ಕೇಳಿದೆ."

"ನೀವೂ ಏಕಾದಶಿಯವರs ಅಲ್ಲೇನ್ರಿ ವೈನಿ. ನಿಮಗ ಬಿಡಿಸಿ ಹೇಳಬೇಕೇನು?"

"ನಿರ್ಜಲವಾ? ಯಾವಾಗಿಂದ?"

"ನಿನ್ನೆ ಸಂಜೀಲಿಂದ." ನಾಲಿಗೆ ತೊಡರುತ್ತಿತ್ತು. "ನಾ ಡಾಕ್ಟರ್ ಇದ್ದೀನಿ. ನನ್ನ ಮೈ ನನಗ ಗೊತ್ತದ. ಅರ್ಧಾ ತಾಸು ಕೂತ್ರ ಸರಿ ಆಗ್ತದ."

ನನ್ನ ಕೈ ಸೀಟಿಗೆ ಹೋಯಿತು. ಅವರು ಅದರ ದಾರವನ್ನೇ ಹಿಡಿದುಕೊಂಡರು. "ಊದಬ್ಯಾಡ್ರಿ. ಅವರೆಲ್ಲ ನನ್ನ ನಂಬಿ ಬಂದಾರ. ಡಾಕ್ಟರs ಬಿದ್ದಾಳ ಅಂದ್ರ ನನ್ನ ಮಾರಿ ಎಲ್ಲಿಡಲಿ?"

ನನಗೂ ಸಂಕಟವಾಯಿತು. ವ್ರತ ಹಿಡಿದವರನ್ನು ಬೀದಿಗೆಳೆಯುವುದು ನನ್ನ ಸಂಸ್ಕಾರವಲ್ಲ. ಆದರೆ ಗೆರೆ ಎಳೆದ ಆ ಸಾಲು ನೆನಪಾಯಿತು. ದಾರ ಬಿಡಿಸಿಕೊಂಡು ಮೂರು ಸಲ ಊದಿದೆ. ಕಣಿವೆಯೆಲ್ಲ ಮೊಳಗಿತು.

ಗೈಡ್ ಬಂಡೆಯಿಂದ ಬಂಡೆಗೆ ಇಳಿದು ಬಂದಳು. ಡಾಕ್ಟರು ನೆಟ್ಟಗೆ ಕೂತು, ಶುದ್ಧ ಇಂಗ್ಲಿಷಿನಲ್ಲಿ, ತಾವು ವೈದ್ಯರೆಂದೂ ಬರೀ ಸ್ನಾಯು ಹಿಡಿದುಕೊಂಡಿದೆಯೆಂದೂ ಹೇಳಿದರು. ಆಸ್ಪತ್ರೆಯಲ್ಲಿ ತಾಯಂದಿರ ಜೊತೆ ಮಾತಾಡುವ ದನಿಯೇ ಇರಬೇಕು ಅದು. ಗೈಡ್ ತಲೆಯಾಡಿಸಿದಳು. ನಂಬಿಬಿಟ್ಟಳು!

ನನ್ನ ಇಂಗ್ಲಿಷ್ ತರಕಾರಿ ಅಂಗಡಿಗೆ ಸಾಕಾಗುವಷ್ಟು. "ನೋ ವಾಟರ್," ಎಂದೆ. "ಫ್ರಮ್ ಯೆಸ್ಟರ್ಡೇ. ಗಾಡ್ ಫಾಸ್ಟಿಂಗ್. ಶೀ ಪೋರ್ ಇನ್ ಮಣ್ಣು." ಮಣ್ಣಿಗೆ ಇಂಗ್ಲಿಷ್ ಹೊಳೆಯದೆ ನೆಲ ತೋರಿಸಿದೆ. ಡಾಕ್ಟರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ಗೈಡ್ ಅವರ ಚರ್ಮ ಚಿವುಟಿ, ನಾಡಿ ಹಿಡಿದು ನೋಡಿದಳು. ಮಾತು ಹೆಚ್ಚಿಲ್ಲ. ಹತ್ತು ನಿಮಿಷದಲ್ಲಿ ಕುಡಿಯಲು ಶುರು ಮಾಡಿದರೆ ಸರಿ, ಇಲ್ಲದಿದ್ದರೆ ರೇಡಿಯೋದಲ್ಲಿ ಹೆಲಿಕಾಪ್ಟರ್ ಕರೆಸುತ್ತೇನೆ, ಇನ್ನೊಂದು ಗಂಟೆ ಹೀಗೇ ಬಿಟ್ಟರೆ ಈಕೆ ಬದುಕುವ ಭರವಸೆ ನನಗಿಲ್ಲ ಎಂದಳು. ನನ್ನ ಕೈಗೆ ಉಪ್ಪು ಸಕ್ಕರೆ ಬೆರೆಸಿದ ನೀರು ಕೊಟ್ಟು, ಮೇಲಿದ್ದವರನ್ನು ನೆರಳಿಗೆ ಕೂರಿಸಲು ಹೋದಳು.

"ಕುಡೀರಿ."

ಅವರು ತಲೆ ಅಲ್ಲಾಡಿಸಿದರು. ಆಮೇಲೆ ಬಂಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಹೋದ ವರ್ಷ ಧಾರವಾಡದಲ್ಲಿ ಅವ್ವ ತೀರಿಕೊಂಡಾಗ ಇವರು ವಿಮಾನದಲ್ಲಿದ್ದರಂತೆ. "ಕಡೀಕ ಬಾಯಾಗ ನೀರು ಬಿಡಲಿಕ್ಕೆ ನಾ ಇರಲಿಲ್ಲ. ಪಕ್ಕದ ಮನಿಯವರು ಬಿಟ್ರಂತ. ಅವ್ವ ಈ ಏಕಾದಶಿಗೆ ಒಂದು ಹನಿ ಮುಟ್ಟತಿರಲಿಲ್ಲ. ವರ್ಷಕ್ಕ ಒಂದು ದಿನಾ ನಾನೂ ಮುಟ್ಟಂಗಿಲ್ಲ ಅಂತ ದೇವರ ಮುಂದ ಅಂದೀನಿ. ಈಗ ಹ್ಯಾಂಗ ಕುಡೀಲಿ ಹೇಳ್ರಿ?"

ಶಾಸ್ತ್ರ ಓದಿದವಳಲ್ಲ ನಾನು. ಕೈಯಲ್ಲಿ ಬಾಟಲಿ ಬಿಸಿಯಾಗುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಅಡುಗೆಮನೆಯ ಗೋಡೆ ಕಣ್ಣ ಮುಂದೆ ಬಂತು.

"ನಿಮ್ಮ ಅವ್ವ ಯಾವ ಪಂಚಾಂಗ ನೋಡ್ತಿದ್ರು?"

"ಮಠದ್ದು. ಯಾಕ?"

"ಅಲ್ಲಿ ಏಕಾದಶಿ ಯಾವತ್ತು?"

ಅವರು ತಿರುಗಿ ನೋಡಿದರು.

"ಅಲ್ಲಿ ಭಾನುವಾರ. ನಾಳೆ. ಅವ್ವನ ಏಕಾದಶಿ ಇನ್ನೂ ಬಂದೇ ಇಲ್ಲ. ಇವತ್ತು ಇಲ್ಲಿನ ದೇವಸ್ಥಾನದ ಏಕಾದಶಿ. ಅದಕ್ಕೂ ನಿಮ್ಮ ಅವ್ವನಿಗೂ ಏನು ಸಂಬಂಧ? ಹರಕೆ ಹೊತ್ತಿದ್ದು ಅವರ ಹೆಸರಲ್ಲಿ ತಾನೇ?"

"ನಾಳೆ ಇಲ್ಲೆ ದ್ವಾದಶಿರಿ."

"ಇಲ್ಲಿ ದ್ವಾದಶಿ. ನಿಮ್ಮ ಅವ್ವ ಇಲ್ಲಿರಲಿಲ್ಲವಲ್ಲ."

ಒಣಗಿದ ತುಟಿ ಸ್ವಲ್ಪ ಬಿಚ್ಚಿತು. "ಭಾಳ ಶಾಣ್ಯಾಕಿ ಇದ್ದೀರಿ ನೀವು. ಸುಪ್ರೀಂ ಕೋರ್ಟಿನಾಗ ಇರಬೇಕಿತ್ತು." ಬಾಟಲಿ ನೋಡಿದರು. "ಇದರಾಗ ಉಪ್ಪೂ ಹಾಕಿರೇನು?"

"ಉಪ್ಪಿನ ವಿಷಯ ನಾನು ದೇವರಿಗೆ ಹೇಳ್ಕೋತೀನಿ. ಕೈ ಚಾಚಿ."

ಮೊದಲ ಮೂರು ಸಲ ತೀರ್ಥದ ಹಾಗೆ ಅಂಗೈಯಲ್ಲಿ ಹಾಕಿಸಿಕೊಂಡರು. ಆಮೇಲೆ ಬಾಟಲಿಯನ್ನೇ ಹಿಡಿದರು. ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪ ಎಂದು ನಾನು ಹೇಳಬೇಕಾಯಿತು, ಡಾಕ್ಟರಿಗೆ.

ಗೈಡ್ ಬಂದು ನೋಡಿ ಪರವಾಗಿಲ್ಲ ಎಂದಳು. ಉಳಿದವರನ್ನು ಗುಹೆಗೆ ಕರೆದೊಯ್ದು ಒಂದು ಗಂಟೆಯಲ್ಲಿ ಬರುವುದೆಂದೂ, ಕೊನೆಯವಳು ಕೊನೆಯವರ ಜೊತೆ ಇರಬೇಕೆಂದೂ ಹೇಳಿ, ಒಂದು ರೇಡಿಯೋ ನನ್ನ ಕೈಗೆ ಕೊಟ್ಟಳು. ಮೇಲಿನಿಂದ ಸಂಘಟಕಿ ಇಣುಕಿ, "ಸಾರಿ ಆಂಟಿ, ಫೋಟೋ ತೆಗೀತೀನಿ" ಎಂದಳು. ದೊಡ್ಡ ಚಿತ್ರ ನೋಡದೆ ಬಂದವಳು ನಾನೊಬ್ಬಳೇ, ಡಾಕ್ಟರನ್ನು ಬಿಟ್ಟರೆ. ನೋವಾಗಲಿಲ್ಲ ಎಂದರೆ ಸುಳ್ಳು. ಬಂಡೆಯಾಚೆ ಎಲ್ಲರೂ "ಓಹ್" ಎಂದದ್ದು ಕೇಳಿಸಿತು.

ಬಂಡೆಯ ನೆರಳಿನಲ್ಲಿ ಅವರ ಕಾಲುಗಳನ್ನು ನನ್ನ ಚೀಲದ ಮೇಲೆ ಎತ್ತಿಟ್ಟು, ಒದ್ದೆ ಟವಲ್ಲು ಕುತ್ತಿಗೆಗೆ ಸುತ್ತಿದೆ. ಹತ್ತು ನಿಮಿಷಕ್ಕೊಮ್ಮೆ ನಾಡಿ ಎಣಿಸಿ ಬರೆದುಕೊಂಡೆ. ಅವರೇ ಕಲಿಸಿದರು, ಹೆಬ್ಬೆರಳಿಡಬೇಡಿ, ಎರಡು ಬೆರಳಿಡಿ ಎಂದು. ಮೂರನೆಯ ಸಲ ಅವರ ಕುತ್ತಿಗೆಯ ಮೇಲೆ ಬೆವರಿನ ಹನಿ ಕಂಡಿತು. ಬೇರೆಯವರ ಬೆವರು ನೋಡಿ ದೇವರಿಗೆ ಕೈ ಮುಗಿದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆ ಒಂದು ಗಂಟೆ ಮಾತು ಹೆಚ್ಚಾಗಲಿಲ್ಲ. ಡಲ್ಲಾಸ್‌ನ ಅವರ ಮನೆಯಲ್ಲಿ ಮಾತಾಡಲು ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ಫುಲ್‌ಶೀರ್‌ನ ನನ್ನ ಮನೆಯ ವಿಷಯ ಅವರೂ ಕೇಳಲಿಲ್ಲ. ಆದರೆ ಎದ್ದು ಹೊರಡುವಾಗ, "ಎಲ್ಲಾರ ಮುಂದ ನನ್ನ ಮಾನ ಕಳದ್ರಿ ನೀವು" ಎಂದರು. "ಕಳೆದೆ" ಎಂದೆ. "ಛಲೋ ಆತು" ಎಂದು ನನ್ನ ಹೆಗಲು ಹಿಡಿದು ಎದ್ದರು. ವಾಪಸಿನ ದಾರಿಯಲ್ಲಿ ಗೈಡ್ ಅವರನ್ನು ತನ್ನ ಹಿಂದೆಯೇ ಇಟ್ಟುಕೊಂಡಳು. ನಾನು ಮತ್ತೆ ಕೊನೆಗೆ. ಒದ್ದೆಯಿದ್ದ ಜಾಗಗಳು ಯಾವುವೆಂದು ಗುರುತು ಸಿಗಲಿಲ್ಲ. ಮೇಲೆ ಹತ್ತಿ ಏಳೂ ತಲೆ ಎಣಿಸಿ ಸೀಟಿ ತೆಗೆದುಕೊಟ್ಟೆ.

ಭಾನುವಾರ ಬೆಳಿಗ್ಗೆ ನಾನು ಪಾರಣೆಗೆ ಅವಲಕ್ಕಿ ಮಾಡಿದೆ. ಡಾಕ್ಟರು ಎದುರು ಕೂತರು, ತಟ್ಟೆ ಬೇಡವೆಂದರು. ಅವ್ವನ ಏಕಾದಶಿ ಇವತ್ತಲ್ಲವೇ ಎಂದು ನನ್ನ ಮಾತನ್ನೇ ನನಗೆ ತಿರುಗಿಸಿದರು. ಡಲ್ಲಾಸ್ ತನಕ ಆರು ಗಂಟೆಗೂ ಹೆಚ್ಚಿನ ದಾರಿ. ನಾನು ತುತ್ತು ಕೈಯಲ್ಲಿ ಹಿಡಿದು ಅವರನ್ನೇ ನೋಡುತ್ತಿದ್ದೆ. ಅವರು ದೊಡ್ಡ ಲೋಟ ಹತ್ತಿರಕ್ಕೆಳೆದುಕೊಂಡು ನೀರು ತುಂಬಿಸಿದರು. "ಅನ್ನ ಅಷ್ಟ ಬಿಡ್ತೀನಿ. ಸಾಕು. ಅವ್ವ ಬೈದ್ರ ಬೈಲಿ" ಎಂದು ಕುಡಿದರು.

ನಾನು ಅಂದು ಹೇಳಿದ್ದು ಧರ್ಮವೋ, ಬರೀ ಜಾಣತನವೋ ನನಗೆ ಇನ್ನೂ ಗೊತ್ತಿಲ್ಲ. ನಾನು ಇಲ್ಲಿನ ತಿಥಿಯನ್ನೇ ನಂಬುವವಳು. ನಂಬದ ಮಾತನ್ನು ನಂಬಿಸಿದೆ. ದೇವರ ಮುಂದೆ ಕೂತಾಗ ಎರಡು ಮೂರು ಸಲ ಅದನ್ನು ಹೇಳಿಕೊಂಡೆ, ಕ್ಷಮೆ ಕೇಳಲಿಲ್ಲ.

ಹದಿನೈದು ದಿನ ಕಳೆಯಿತು, ಮತ್ತೆ ಏಕಾದಶಿ. ಬೆಳಿಗ್ಗೆ ಏಳೂವರೆಗೆ ಫೋನ್ ಬಂತು, ಡಲ್ಲಾಸ್ ನಂಬರು. ಹಲೋ ಎಂದೆ. ಆ ಕಡೆಯಿಂದ ಮಾತಿಲ್ಲ. ಗಾಜಿನ ಲೋಟ ಎತ್ತಿದ ಸದ್ದು, ಆಮೇಲೆ ಗುಟುಕು ಗುಟುಕಾಗಿ ನೀರು ಗಂಟಲಿಳಿಯುವ ಸದ್ದು. ಪೂರ್ತಿ ಮುಗಿಯುವ ತನಕ ನಾನೂ ಕಿವಿಗೊಟ್ಟು ನಿಂತೆ.

"ಕೇಳಸ್ತೇನ್ರಿ, ವೈನಿ?"

"ಕೇಳಿಸ್ತು. ಮಧ್ಯಾಹ್ನ ಇನ್ನೊಂದು ಲೋಟ. ಫೋನ್ ಮಾಡ್ಬೇಕು."

"ಭಾಳ ಜುಲುಮಿರಿ ನಿಮ್ದು," ಎಂದು ಇಟ್ಟರು.

ಒಳಗೆ ಡ್ರೈಯರ್ ಕೂಗುತ್ತಿತ್ತು. ಹಾಸಿಗೆಯ ದೊಡ್ಡ ಹೊದಿಕೆ, ಮೂಲೆಗೆಲ್ಲ ಎಲಾಸ್ಟಿಕ್ ಇರುವಂಥದ್ದು. ಇಬ್ಬರಿದ್ದರೆ ಸುಲಭ, ನಮ್ಮವರು ಆ ವಾರ ಟೇಲರ್‌ನಲ್ಲೇ ಉಳಿದಿದ್ದರು. ಒಂದು ಮೂಲೆಯನ್ನು ಗಲ್ಲದ ಕೆಳಗೆ ಅಮುಕಿಕೊಂಡು, ಇನ್ನೆರಡನ್ನು ಎರಡು ಕೈಯಲ್ಲಿ ಹಿಡಿದು, ಬೆಚ್ಚಗಿದ್ದ ಬಟ್ಟೆಯನ್ನು ಮಡಿಸಲು ಶುರು ಮಾಡಿದೆ.